‘ಬ್ಯಾಚ್ ವರ್ಷನ್’ ಎಂಬುದಕ್ಕೆ ‘ಆವೃತ್ತಿ’ ಎನ್ನಬಹುದೇ?

ಮಾನ್ಯರೆ,

ಉದ್ದಿಮೆಗಳ ಲೆಕ್ಕಪತ್ರ, ಉಗ್ರಾಣ, ಮಾರಾಟಗಳನ್ನೆಲ್ಲ ಒಟ್ಟಿಗೆ ನಡೆಸುವ ದೊಡ್ಡ ತಂತ್ರಾಂಶಗಳಲ್ಲಿ ‘ಬ್ಯಾಚ್ ವರ್ಷನ್’ ಎಂಬ ಪದವೊಂದು ಬಳಕೆಯಲ್ಲಿದೆ. ವರ್ಷನ್ ಎಂದರೆ ಆವೃತ್ತಿ, ಇದರಲ್ಲಿ ಕೇಳುವುದೇನಿದೆ ಎಂದು ಕೆಲವರಿಗಾದರೂ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು, ಹಾಗೆಯೇ ಬರೆದೂ ಬಿಟ್ಟಿದ್ದೆ. ಧಾರವಾಡದ ಸಮೀಪದ ಒಂದು ಕಾರ್ಖಾನೆಯ ಸಿಬ್ಬಂದಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆದುಕೊಡುವುದು ನನ್ನ ಕೆಲಸ. ಪರದೆಯ ಮೇಲೆ ಕಾಣುವುದೆಲ್ಲ ಇಂಗ್ಲಿಷಿನಲ್ಲಿಯೇ ಇರುವುದರಿಂದ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅಲ್ಲಿನವರಿಗೆ ಈ ಕೈಪಿಡಿಯೇ ಆಧಾರ. ಈಗ ಅದನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಬೇಕಾಗಿದೆ. ಅದಕ್ಕೆ ಮುನ್ನ ಕೆಲವು ಪದಗಳನ್ನು ನಿಮ್ಮೆದುರು ಇಡುತ್ತಿದ್ದೇನೆ.

ಮೊದಲು ವಸ್ತು ಏನೆಂದು ಹೇಳಬೇಕು. ಅಲ್ಲಿರುವುದು ಜೆ.ಡಿ. ಎಡ್ವರ್ಡ್ಸ್ ಎಂಟರ್‌ಪ್ರೈಸ್‌ಒನ್. 1977ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಆರಂಭವಾದ ಕಂಪನಿಯ ತಂತ್ರಾಂಶ ಅದು. 2003ರಲ್ಲಿ ಪೀಪಲ್‌ಸಾಫ್ಟ್‌ನ ಕೈಗೂ 2005ರಲ್ಲಿ ಒರೇಕಲ್‌ನ ಕೈಗೂ ಬಂತು. ಪರದೆಯ ಮುಂದೆ ಕುಳಿತು ಒಂದೊಂದೇ ದಾಖಲೆಯನ್ನು ತುಂಬುವ ಕಾರ್ಯಕ್ರಮಗಳ ಹೆಸರು ಅಲ್ಲಿ ‘ಪಿ’ ಅಕ್ಷರದಿಂದ ಆರಂಭವಾದರೆ, ಒಮ್ಮೆ ಓಡಿಸಿಬಿಟ್ಟರೆ ಸಾವಿರಾರು ದಾಖಲೆಗಳನ್ನು ತಾನಾಗಿಯೇ ಹಾಯ್ದು ಕೆಲಸ ಮುಗಿಸುವ ಕಾರ್ಯಕ್ರಮಗಳ ಹೆಸರು ‘ಆರ್’ ಅಕ್ಷರದಿಂದ ಆರಂಭವಾಗುತ್ತದೆ. ಆರ್ 42565 ಎಂದರೆ ಮಾರಾಟದ ಬಿಲ್ಲುಗಳನ್ನು ಮುದ್ರಿಸುವ ಕಾರ್ಯಕ್ರಮ; ಆರ್ 09801 ಎಂದರೆ ನಮೂದುಗಳನ್ನು ಖಾತೆಗೆ ಏರಿಸುವ ಕಾರ್ಯಕ್ರಮ. ‘ಬ್ಯಾಚ್’ ಎನ್ನಲಾಗುವ ಈ ಎರಡನೆಯ ಜಾತಿಯ ಕಾರ್ಯಕ್ರಮವನ್ನು ಬರಿದೇ ಓಡಿಸಲು ಬರುವುದಿಲ್ಲ, ಅದರ ಒಂದು ‘ವರ್ಷನ್’ ಅನ್ನೇ ಓಡಿಸಬೇಕು. ಯಾವ ದಾಖಲೆಗಳನ್ನು ಎತ್ತಿಕೊಳ್ಳಬೇಕು, ಯಾವ ಕ್ರಮದಲ್ಲಿ ಜೋಡಿಸಬೇಕು, ಕೆಲಸವನ್ನು ಯಾವ ನಿಯಮಗಳಂತೆ ನಡೆಸಬೇಕು ಎಂಬ ಮೂರು ಸಂಗತಿಗಳನ್ನು ಒಂದು ಹೆಸರಿನ ಕೆಳಗೆ ಕಟ್ಟಿಟ್ಟರೆ ಅದೇ ವರ್ಷನ್. ಹೆಸರಿಗೆ ಹತ್ತು ಅಕ್ಷರಗಳ ಮಿತಿ. ಹೀಗಾಗಿ ಬಿಲ್ಲು ಮುದ್ರಿಸುವ ಕಾರ್ಯಕ್ರಮ ಒಂದೇ ಆದರೂ ಹುಬ್ಬಳ್ಳಿ ಡಿಪೋಗೆ ಒಂದು ವರ್ಷನ್, ಬೆಳಗಾವಿಗೆ ಇನ್ನೊಂದು, ರಫ್ತಿಗೆ ಮತ್ತೊಂದು ಎಂದು ಹತ್ತಿಪ್ಪತ್ತು ಇರುತ್ತವೆ. ಎಲ್ಲವೂ ಏಕಕಾಲಕ್ಕೆ ಬಳಕೆಯಲ್ಲಿರುತ್ತವೆ, ಯಾವುದೂ ಇನ್ನೊಂದನ್ನು ಹಳತು ಮಾಡುವುದಿಲ್ಲ.

ನನ್ನ ತಪ್ಪು ಇಲ್ಲಿಯೇ ಆದದ್ದು. ಕೈಪಿಡಿಯಲ್ಲಿ ‘ಪಟ್ಟಿಯಿಂದ ತಕ್ಕ ಆವೃತ್ತಿಯನ್ನು ಆರಿಸಿ ಓಡಿಸಿರಿ’ ಎಂದು ಬರೆದಿದ್ದೆ. ಮಾರಾಟ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಪಟ್ಟಿ ತೆರೆದು, 0001ರಿಂದ 0012ರವರೆಗೆ ಸಾಲಾಗಿ ನಿಂತಿದ್ದ ಹೆಸರುಗಳನ್ನು ನೋಡಿ, ಕೊನೆಯದನ್ನು ಓಡಿಸಿದಳು. ಅದು ಬೆಳಗಾವಿ ಡಿಪೋದ್ದು. ಅಲ್ಲಿಂದ ಇನ್ನೂ ಸರಕೇ ಹೊರಡದ ಆರ್ಡರುಗಳಿಗೆ ಬಿಲ್ಲಿನ ಸಂಖ್ಯೆ ಬಿದ್ದು, ಅವುಗಳ ಸ್ಥಿತಿ ಮುಂದಿನ ಹಂತಕ್ಕೆ ಸರಿದುಹೋಯಿತು. ಹಿಂದಕ್ಕೆ ತರುವುದರಲ್ಲಿ ಲೆಕ್ಕಪತ್ರದವರಿಗೆ ಸಂಜೆಯಾಯಿತು. ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರ: “ನೀವು ಆವೃತ್ತಿ ಅಂತ ಬರದೀರಲ್ರೀ ಸರ, ಕಡೀದು ಅಂದ್ರ ಹೊಸಾದು, ಹೊಸಾದು ಅಂದ್ರ ತಿದ್ದಿದ್ದು ಅಂತ ತಿಳಕೊಂಡೆ.” ಆಕೆಯ ಕನ್ನಡ ಸರಿಯಾಗಿಯೇ ಇತ್ತು. ಪುಸ್ತಕದ ಮೂರನೆಯ ಪರಿಷ್ಕೃತ ಆವೃತ್ತಿ ಸಿಗುವಾಗ ಮೊದಲನೆಯದನ್ನು ಯಾರೂ ಕೊಳ್ಳುವುದಿಲ್ಲ. ಫೋನಿನಲ್ಲಿ ‘ಹೊಸ ಆವೃತ್ತಿ ಲಭ್ಯವಿದೆ’ ಎಂದು ಬಂದರೆ ಹಳೆಯದು ಹೋಗಿ ಹೊಸತು ಕೂರುತ್ತದೆ. ಆ ಪದಕ್ಕೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಕಂಪ್ಯೂಟರಿನ ಕನ್ನಡ ಕೊಟ್ಟಿರುವ ಅರ್ಥ ಇಷ್ಟೇ.

ಗೊಂದಲ ಅಷ್ಟಕ್ಕೇ ನಿಲ್ಲುವುದಿಲ್ಲ. ಕಂಪನಿಯವರೇ ತುಂಬಿ ಕಳುಹಿಸುವ ವರ್ಷನ್‌ಗಳ ಹೆಸರು ‘ಎಕ್ಸ್‌ಜೆಡಿಇ’ ಎಂದು ಆರಂಭವಾಗುತ್ತದೆ. ಅವು ಮೇಲ್ಪಂಕ್ತಿಗಾಗಿ ಇರುವಂಥವು. ಅವನ್ನು ನಕಲು ಮಾಡಿಕೊಂಡು ನಕಲನ್ನು ತಿದ್ದಬೇಕೇ ಹೊರತು ಅವನ್ನೇ ತಿದ್ದಬಾರದು, ಏಕೆಂದರೆ ತಂತ್ರಾಂಶವನ್ನು ಮೇಲ್ದರ್ಜೆಗೆ ಏರಿಸುವಾಗ ಅವುಗಳ ಮೇಲೆ ಹೊಸದಾಗಿ ಬರೆದುಬಿಡುತ್ತಾರೆ. ಈ ಎಚ್ಚರಿಕೆಯನ್ನು ನನ್ನ ಕೈಪಿಡಿ ಹೇಳಿದ್ದು ಹೀಗೆ: ‘9.2ನೆಯ ಆವೃತ್ತಿಗೆ ಹೋಗುವಾಗ ಎಕ್ಸ್‌ಜೆಡಿಇ ಆವೃತ್ತಿಗಳು ಅಳಿದುಹೋಗಬಹುದು.’ ಒಂದೇ ವಾಕ್ಯದಲ್ಲಿ ಒಂದೇ ಪದ ಎರಡು ಸಲ, ಎರಡು ಅರ್ಥಗಳಲ್ಲಿ. ಇಂಗ್ಲಿಷಿನವರು ಮೊದಲನೆಯದನ್ನು ‘ರಿಲೀಸ್’ ಎಂದು ಬೇರೆ ಮಾಡಿಕೊಂಡು ಪಾರಾಗಿದ್ದಾರೆ. ನಾವು ಎರಡಕ್ಕೂ ಒಂದೇ ಗೂಟ ಹೊಡೆದಿದ್ದೇವೆ. ಸಾಲದ್ದಕ್ಕೆ ಶಾಲೆಯ ಭೌತವಿಜ್ಞಾನದಲ್ಲಿ ಕಂಪನ ಸೆಕೆಂಡಿಗೆ ಎಷ್ಟು ಸಲ ಎಂಬುದಕ್ಕೂ ‘ಆವೃತ್ತಿ’ ಎಂದೇ ಕಲಿತವರಿದ್ದೇವೆ. ‘ಈ ವರದಿಯ ಆವೃತ್ತಿ ಯಾವುದು’ ಎಂಬ ಪ್ರಶ್ನೆಗೆ ‘ತಿಂಗಳಿಗೊಮ್ಮೆ’ ಎಂದು ಒಬ್ಬರು ಉತ್ತರಿಸಿದರೆ ಅವರನ್ನು ತಪ್ಪೆನ್ನಲು ಬಾರದು.

ಆದರೂ ಆ ಪದವನ್ನು ಪೂರ್ತಿ ಕೈಬಿಡಲು ನನಗೆ ಮನಸ್ಸಾಗದಿರುವುದಕ್ಕೆ ಕಾರಣ ದಿನಪತ್ರಿಕೆ. ಧಾತುವಿನ ಮಟ್ಟಿಗೆ ಆವೃತ್ತಿ ಎಂದರೆ ತಿರುಗಿ ಬರುವುದು, ಮರಳುವುದು. ತಾಳದ ಆವರ್ತವೂ ಅದೇ ಮನೆಯದು. ಅದರಲ್ಲಿ ಹೊಸತು ಹಳತನ್ನು ನೂಕುವ ಅರ್ಥವಿಲ್ಲ. ಪತ್ರಿಕೆಗಳವರು ‘ಹುಬ್ಬಳ್ಳಿ ಆವೃತ್ತಿ’, ‘ಮಂಗಳೂರು ಆವೃತ್ತಿ’, ‘ಕಲಬುರಗಿ ಆವೃತ್ತಿ’ ಎನ್ನುವಾಗ ಅವೆಲ್ಲ ಒಂದೇ ದಿನದವು, ಒಂದೇ ಪತ್ರಿಕೆಯವು. ಸುದ್ದಿಯ ಆಯ್ಕೆ ಮತ್ತು ಜೋಡಣೆ ಮಾತ್ರ ಊರಿಗೆ ತಕ್ಕಂತೆ ಬೇರೆ. ಬ್ಯಾಚ್ ವರ್ಷನ್ ಎಂಬುದು ಅಕ್ಷರಶಃ ಇದೇ. ಹಾಗಿದ್ದರೆ ತಪ್ಪು ಪದದಲ್ಲಿಲ್ಲ, ಅದಕ್ಕೆ ಸಂಖ್ಯೆ ಅಂಟಿಸಿದ್ದರಲ್ಲಿದೆ ಎಂದು ವಾದಿಸಬಹುದು. ‘ಆವೃತ್ತಿ 12’ ಎಂದರೆ ಕಾಲದ ಮಾತು. ‘ಬೆಳಗಾವಿ ಆವೃತ್ತಿ’ ಎಂದರೆ ಜಾಗದ ಮಾತು. ನಮ್ಮ ಕಾರ್ಖಾನೆಯಲ್ಲಿ ಈಗ ಹೆಸರುಗಳನ್ನೇ ಬದಲಿಸಿ, ಮೊದಲ ಮೂರು ಅಕ್ಷರಗಳಲ್ಲಿ ಡಿಪೋದ ಗುರುತು ಬರುವಂತೆ ಮಾಡಿದ್ದೇವೆ. ಅಲ್ಲಿಂದೀಚೆಗೆ ಇಂಥ ತಪ್ಪು ಮರುಕಳಿಸಿಲ್ಲ.

ಬೇರೆ ಪದಗಳನ್ನು ಹುಡುಕದೆ ಇಲ್ಲ. ಎಸ್‌ಎಪಿ ತಂತ್ರಾಂಶದಲ್ಲಿ ಇದೇ ವಸ್ತುವನ್ನು, ಎಂದರೆ ಒಂದು ವರದಿಗೆ ಕೊಡುವ ಆಯ್ಕೆಗಳ ಉಳಿಸಿಟ್ಟ ಕಟ್ಟನ್ನು, ‘ವೇರಿಯೆಂಟ್’ ಎನ್ನುತ್ತಾರೆ. ‘ವರ್ಷನ್’ ಪದ ಅವರಿಗೂ ಒಗ್ಗಲಿಲ್ಲವೆಂಬಂತೆ ಇದೆ. ಅದನ್ನು ಅನುಸರಿಸಿ ‘ರೂಪಾಂತರ’ ಎನ್ನೋಣವೆಂದರೆ ಕನ್ನಡದಲ್ಲಿ ಅದು ಒಂದು ಮತ್ತೊಂದಾಗಿ ಬದಲಾದುದನ್ನು ಹೇಳುತ್ತದೆ. ‘ಪಾಠಾಂತರ’ ಅರ್ಥದಲ್ಲಿ ಬಹಳ ಹತ್ತಿರ: ಒಂದೇ ಕೃತಿಯನ್ನು ಬೇರೆ ಬೇರೆ ಗುರುಮನೆಗಳಲ್ಲಿ ಬೇರೆ ಬೇರೆಯಾಗಿ ಹಾಡುತ್ತಾರೆ, ಯಾವುದೂ ಯಾವುದಕ್ಕೂ ಹಳತಲ್ಲ. ಆದರೆ ಉಗ್ರಾಣದ ಗುಮಾಸ್ತರ ಬಾಯಲ್ಲಿ ‘ಬಿಲ್ಲಿನ ಪಾಠಾಂತರ’ ಎಂದು ಹೇಳಿಸುವ ಧೈರ್ಯ ನನಗಿಲ್ಲ. ‘ಬಗೆ’ ಸರಳವಾಗಿದೆ, ‘ಬೆಳಗಾವಿ ಬಗೆ’ ಎಂದರೆ ಮಾತ್ರ ಅಡುಗೆಯ ಪುಸ್ತಕದಂತೆ ಕೇಳುತ್ತದೆ. ಹಿಂದೆ ಇದೇ ಕಂಪನಿಯ ಹಳೆಯ ‘ವರ್ಲ್ಡ್’ ತಂತ್ರಾಂಶದಲ್ಲಿ ಈ ವರ್ಷನ್‌ಗಳನ್ನು ನೋಡಿಕೊಳ್ಳುತ್ತಿದ್ದ ಸಾಧನಕ್ಕೆ ‘ಡ್ರೀಮ್ ರೈಟರ್’ ಎಂಬ ಹೆಸರಿತ್ತು. ದತ್ತಾಂಶವನ್ನು ಹೆಕ್ಕಿ ನಿರ್ವಹಿಸುವುದು ಎಂಬ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಹೆಣೆದು ಮಾಡಿದ ಹೆಸರು ಅದು. ಕನಸು ಬರೆಯುವವನೆಂದು ಅನುವಾದಿಸುವ ಭಾಗ್ಯ ನನಗೆ ತಪ್ಪಿತು.

ಇನ್ನು ‘ಬ್ಯಾಚ್’. ಕಾರ್ಖಾನೆಯಲ್ಲಿ ಬ್ಯಾಚ್ ಎಂದರೆ ಒಮ್ಮೆಗೆ ತಯಾರಾದ ಸರಕು. ಲೆಕ್ಕಪತ್ರದವರಿಗೆ ಬ್ಯಾಚ್ ಎಂದರೆ ಒಂದೇ ಸಂಖ್ಯೆಯಡಿ ಕಟ್ಟಿದ ನಮೂದುಗಳ ಕಟ್ಟು. ತಂತ್ರಾಂಶದವರಿಗೆ ಬ್ಯಾಚ್ ಎಂದರೆ ಮನುಷ್ಯ ಎದುರಿಗಿಲ್ಲದೆ ಓಡುವ ಕೆಲಸ. ಆರ್ 09801 ಎಂಬುದು ಬ್ಯಾಚ್‌ಗಳನ್ನು ಖಾತೆಗೆ ಏರಿಸುವ ಬ್ಯಾಚ್ ಎಂದು ಬರೆದರೆ ಓದಿದವರು ನನ್ನನ್ನೇ ಸಂಶಯದಿಂದ ನೋಡುತ್ತಾರೆ. ಇಂಗ್ಲಿಷಿನ ಈ ಪದ ಹುಟ್ಟಿದ್ದು ರೊಟ್ಟಿಯ ಒಲೆಯಲ್ಲಿ. ಒಮ್ಮೆಗೆ ಬೇಯುವಷ್ಟು ಎಂಬುದು ಅದರ ಮೂಲಾರ್ಥ. ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿ ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆದು, “ಇದು ಮೊದಲನೇ ಒಬ್ಬೆ, ಮಕ್ಕಳಿಗೆ ಹಾಕು, ಎರಡನೇ ಒಬ್ಬೆ ಇಳಿದ ಮೇಲೆ ನಾವು ಕೂರೋಣ” ಎನ್ನುತ್ತಿದ್ದರು. ಒಬ್ಬೆ ಎಂಬ ಅಚ್ಚಗನ್ನಡದ ಪದ ಬ್ಯಾಚ್ ಎಂಬುದಕ್ಕೆ ಒಲೆಯವರೆಗೂ ಹೊಂದುತ್ತದೆ. ನಮೂದುಗಳ ಕಟ್ಟಿಗೆ ‘ಕಟ್ಟು’, ತಾನಾಗಿ ಓಡುವ ಕೆಲಸಕ್ಕೆ ‘ಒಬ್ಬೆಗೆಲಸ’ ಎಂದು ಬೇರೆ ಮಾಡಬಹುದೆಂದು ನನಗೆ ತೋರುತ್ತದೆ. ಧಾರವಾಡದ ಗೆಳೆಯರಿಗೆ ಇದನ್ನು ಹೇಳಿದಾಗ ಇಬ್ಬರು ನಕ್ಕರು, ಒಬ್ಬರು ತಮಗೆ ಈ ಪದವೇ ಗೊತ್ತಿಲ್ಲವೆಂದರು.

‘ಆರ್’ ಕಾರ್ಯಕ್ರಮಗಳಿಗಿರುವ ‘ರಿಪೋರ್ಟ್’ ಎಂಬ ಹೆಸರನ್ನು ‘ವರದಿ’ ಎಂದದ್ದರಲ್ಲಿ ಬೇರೊಂದು ಅಪಾಯವಿದೆ. ವರದಿ ಓದುವ ವಸ್ತು. ಓದಿದ ಮಾತ್ರಕ್ಕೆ ಯಾವ ಲೆಕ್ಕವೂ ಬದಲಾಗುವುದಿಲ್ಲ ಎಂಬ ನಂಬಿಕೆ ಆ ಪದದಲ್ಲಿಯೇ ಇದೆ. ಆದರೆ ಆರ್ 42800 ಎಂಬ ‘ವರದಿ’ ಮುಗಿದ ಮಾರಾಟಗಳನ್ನು ಲೆಕ್ಕಕ್ಕೆ ಸೇರಿಸುತ್ತದೆ. ಅದರಿಂದ ಹೊರಬರುವ ಕಾಗದ ಆ ಕೆಲಸದ ಸಾಕ್ಷಿ ಮಾತ್ರ. ಅದನ್ನು ‘ಪ್ರೂಫ್’ ಆಗಿಯೂ ‘ಫೈನಲ್’ ಆಗಿಯೂ ಓಡಿಸಬಹುದು. ಈ ಜೋಡಿಗೆ ಮುದ್ರಣಾಲಯದ ‘ಕರಡು’ ಮತ್ತು ‘ಅಂತಿಮ’ ಬಹಳ ಚೆನ್ನಾಗಿ ಒಪ್ಪಿವೆ, ಸಿಬ್ಬಂದಿಯೂ ಅವನ್ನು ಒಡನೆಯೇ ಹಿಡಿದುಕೊಂಡರು. ಕೈಪಿಡಿಯಲ್ಲಿ ಇನ್ನು ಮುಂದೆ ಕೇವಲ ಓದಲು ಬರುವುದನ್ನು ವರದಿ ಎಂದೂ ಲೆಕ್ಕವನ್ನು ಮುಟ್ಟುವುದನ್ನು ‘ಕಾರ್ಯ’ ಎಂದೂ ಬರೆಯುವವನಿದ್ದೇನೆ. ತಂತ್ರಾಂಶ ಈ ಎರಡಕ್ಕೂ ‘ಆರ್’ ಅಕ್ಷರವನ್ನೇ ಹಚ್ಚಿದರೂ ಸರಿಯೇ.

‘ಡೇಟಾ ಸೆಲೆಕ್ಷನ್’ ಮತ್ತು ‘ಪ್ರೊಸೆಸಿಂಗ್ ಆಪ್ಷನ್’ ಎಂಬ ಜೋಡಿಯನ್ನು ‘ದತ್ತಾಂಶ ಆಯ್ಕೆ’, ‘ಸಂಸ್ಕರಣಾ ಆಯ್ಕೆ’ ಎಂದು ಬರೆದು ನಾನೇ ಕೆಡಿಸಿದೆ. ಒಂದು ಯಾವ ದಾಖಲೆಗಳು ಬೇಕೆಂಬುದು, ಇನ್ನೊಂದು ಅವುಗಳ ಮೇಲೆ ಏನು ಮಾಡಬೇಕೆಂಬುದು. ಎರಡೂ ‘ಆಯ್ಕೆ’ ಆದ ಮೇಲೆ ದೂರವಾಣಿಯಲ್ಲಿ “ಆಯ್ಕೆ ಬದಲಿಸಿದಿರಾ” ಎಂದು ಕೇಳಿದರೆ “ಹೌದು” ಎಂಬ ಉತ್ತರಕ್ಕೆ ಬೆಲೆಯಿಲ್ಲ. ಮೊದಲನೆಯದಕ್ಕೆ ‘ಜರಡಿ’ ಎಂದೂ ಎರಡನೆಯದಕ್ಕೆ ‘ನಡೆಸುವ ಸೂಚನೆಗಳು’ ಎಂದೂ ಬದಲಿಸಿದ್ದೇನೆ. ‘ಸಂಸ್ಕರಣೆ’ ಹೋದದ್ದಕ್ಕೆ ಯಾರೂ ಮರುಗಲಿಲ್ಲ.

ಕೊನೆಯದಾಗಿ ‘ಸಬ್ಮಿಟ್’. ‘ಸಲ್ಲಿಸು’ ಎಂದು ಬರೆದಿದ್ದೆ. ಅರ್ಜಿ ಸಲ್ಲಿಸುತ್ತೇವೆ, ರಾಜೀನಾಮೆ ಸಲ್ಲಿಸುತ್ತೇವೆ. ಸಲ್ಲಿಸಿದ ಮೇಲೆ ಮೇಲಿನವರ ಒಪ್ಪಿಗೆಗೆ ಕಾಯುವುದು ನಮ್ಮ ಅಭ್ಯಾಸ. ಹಾಗೆಯೇ ಒಬ್ಬರು ಮಂಜೂರಾತಿಗಾಗಿ ಮಧ್ಯಾಹ್ನದವರೆಗೂ ಕಾದದ್ದುಂಟು. ವಾಸ್ತವದಲ್ಲಿ ಆ ಗುಂಡಿ ಒತ್ತಿದರೆ ಕೆಲಸವು ಸರ್ವರಿನಲ್ಲಿ ಒಂದು ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಓಡಿ, ಮುಗಿದರೆ ‘ಡಿ’ ಎಂದೂ ಕೆಟ್ಟರೆ ‘ಇ’ ಎಂದೂ ಗುರುತು ಹಚ್ಚಿಕೊಳ್ಳುತ್ತದೆ. ಇದಕ್ಕೆ ಒಳ್ಳೆಯ ಕನ್ನಡ ಕೊಟ್ಟವರು ಉಗ್ರಾಣದ ಹಿರಿಯರೊಬ್ಬರು. ಮೇಲಧಿಕಾರಿ ಕೇಳಿದಾಗ ಅವರು ಪರದೆಯಿಂದ ಕಣ್ಣು ತೆಗೆಯದೆ, “ರಿಪೋರ್ಟ್ ಹಚ್ಚೀನ್ರಿ, ಇನ್ನಾ ಪಾಳ್ಯಾಗ ಐತಿ” ಎಂದರು. ಪಾಳಿ ಹಚ್ಚುವುದೆಂದರೆ ಸಾಲಿನಲ್ಲಿ ನಿಲ್ಲುವುದು. ‘ಪಾಳಿಗೆ ಹಚ್ಚಿರಿ’ ಎಂಬಲ್ಲಿ ಕೆಲಸವೂ ಕಾಯುವಿಕೆಯೂ ಎರಡೂ ಇವೆ, ಒಪ್ಪಿಗೆಯ ಸುಳಿವಿಲ್ಲ. ಒಂದೇ ತೊಡಕೆಂದರೆ ಕಾರ್ಖಾನೆಯಲ್ಲಿ ಪಾಳಿ ಎಂದರೆ ಶಿಫ್ಟ್ ಕೂಡ ಹೌದು, ಮತ್ತು ದೊಡ್ಡ ಕೆಲಸಗಳನ್ನು ನಾವು ಹಚ್ಚುವುದು ರಾತ್ರಿ ಪಾಳಿಯಲ್ಲಿಯೇ.

ಬಲ್ಲವರಲ್ಲಿ ನನ್ನ ಕೇಳಿಕೆ ಹೀಗಿದೆ. ಪತ್ರಿಕೆಯ ಅರ್ಥದ ಆಧಾರದ ಮೇಲೆ ‘ಆವೃತ್ತಿ’ಯನ್ನು ಉಳಿಸಿಕೊಂಡು, ಯಾವಾಗಲೂ ಊರಿನ ಅಥವಾ ಉದ್ದೇಶದ ಹೆಸರಿನೊಡನೆಯೇ ಅದನ್ನು ಬಳಸಬೇಕೆಂಬ ನಿಯಮ ಸಾಕಾಗುತ್ತದೆಯೇ, ಅಥವಾ ತಂತ್ರಾಂಶದ 9.2ಕ್ಕೆ ಆ ಪದವನ್ನು ಬಿಟ್ಟುಕೊಟ್ಟು ಇದಕ್ಕೆ ಬೇರೆಯದನ್ನೇ ಹುಡುಕಬೇಕೇ? ‘ಒಬ್ಬೆ’ ಎಂಬ ಪದ ಅಡುಗೆಮನೆಯಾಚೆಗೆ, ಗಾಣ, ಆಲೆಮನೆ, ಇಟ್ಟಿಗೆಯ ಗೂಡು, ಅಕ್ಕಿ ಗಿರಣಿಗಳಂಥ ಕಡೆ ಬಳಕೆಯಲ್ಲಿರುವುದನ್ನು ಕೇಳಿದವರಿದ್ದರೆ, ಯಾವ ಊರಿನಲ್ಲಿ, ಯಾವ ವಾಕ್ಯದಲ್ಲಿ ಎಂಬುದನ್ನು ದಯವಿಟ್ಟು ತಿಳಿಸಿರಿ. ಕೈಪಿಡಿ ಅಚ್ಚಿಗೆ ಹೋಗಲು ಇನ್ನೂ ಮೂರು ವಾರಗಳಿವೆ.