ಲೂಸ್–ಲೂಜ಼್, ಅಫೆಕ್ಟ್–ಎಫೆಕ್ಟ್: ಬರೀವಾಗ ಯಾವುದು ಎಲ್ಲಿ ಅಂತ ಹೇಗೆ ಗೊತ್ತಾಗೋದು?

ಪ್ರಶ್ನೆ:
ಇಂಗ್ಲಿಷಲ್ಲಿ ಕೇಳೋಕೆ ಹೆಚ್ಚುಕಮ್ಮಿ ಒಂದೇ ಥರ ಇರೋ ಪದಗಳನ್ನ ನೆನಪಿಟ್ಕೊಳ್ಳೋಕೆ ಏನಾದ್ರೂ ದಾರಿ ಇದ್ಯಾ? ಮಾತಾಡುವಾಗ ಹೇಗೋ ನಡೆದುಹೋಗುತ್ತೆ, ಮೇಲ್ ಬರೀವಾಗ ಲೂಸ್‌ಗೆ ಒಂದು ಓ ಹಾಕ್ಬೇಕಾ ಎರಡಾ, ಅಡ್ವೈಸ್‌ಗೆ ಸಿ ನಾ ಎಸ್ಸಾ, ಅಫೆಕ್ಟಾ ಎಫೆಕ್ಟಾ ಅಂತ ಕೈ ನಿಂತುಬಿಡುತ್ತೆ. ಎರಡೂ ಸರಿಯಾದ ಪದಗಳೇ ಆದ್ರಿಂದ ಸ್ಪೆಲ್‌ಚೆಕ್ ಎಷ್ಟೋ ಸಲ ಸುಮ್ನೆ ಬಿಟ್ಟುಬಿಡುತ್ತೆ. ಉದ್ದ ಲಿಸ್ಟ್ ಬಾಯಿಪಾಠ ಮಾಡೋದು ಬೇಡ, ಬೇರೆ ಏನಾದ್ರೂ ಇದ್ರೆ ಹೇಳಿ.

ಉತ್ತರ 1:
ನಮಗೆ ಜಾಸ್ತಿ ಕಾಟ ಕೊಡೋದು ಜ಼ ಧ್ವನಿ. ಅಚ್ಚ ಕನ್ನಡ ಪದಗಳಲ್ಲಿ ಅದು ಇಲ್ಲ, ಅದಕ್ಕೇ ಜ ಕೆಳಗೆ ಚುಕ್ಕಿ ಇಟ್ಟು ಬರೀತೀವಿ, ಬಾಯಲ್ಲಿ ಮಾತ್ರ ಎಷ್ಟೋ ಕಡೆ ಸ ಅಂದುಬಿಡ್ತೀವಿ, ಅಲ್ಲಿಗೆ ಎರಡು ಪದ ಒಂದಾಗೋಯ್ತು. ಈ ವ್ಯತ್ಯಾಸ ಕಿವಿಗೆ ಕೂತ್ರೆ ಅರ್ಧ ಕೆಲಸ ಮುಗೀತು. ಇಂಥ ಜೋಡೀಲಿ ಕ್ರಿಯಾಪದಕ್ಕೆ ಜ಼, ಇನ್ನೊಂದಕ್ಕೆ ಸ. ಕಳ್ಕೊಳ್ಳೋದು ಲೂಜ಼್, ಒಂದೇ ಓ. ಸಡಿಲ ಇರೋದು ಲೂಸ್, ಎರಡು ಓ. ಸಲಹೆ ಅಂದ್ರೆ ಅಡ್ವೈಸ್, ಸಿ. ಸಲಹೆ ಕೊಡೋದು ಅಡ್ವೈಜ಼್, ಎಸ್. ಡಿವೈಸ್–ಡಿವೈಜ಼್ ಕೂಡ ಇದೇ ಲೆಕ್ಕ. ಯೂಸ್ ನೋಡಿ, ಸ್ಪೆಲ್ಲಿಂಗ್ ಬದಲಾಗೋದೇ ಇಲ್ಲ, ಆದ್ರೂ ನಾಮಪದ ಆದಾಗ ಸ, ಕ್ರಿಯಾಪದ ಆದಾಗ ಜ಼.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಪ್ರ್ಯಾಕ್ಟೀಸ್‌ಗೆ ಮಾತ್ರ ಈ ಲೆಕ್ಕ ಹಾಕ್ಬೇಡಿ. ಉಚ್ಚಾರಣೆ ಎರಡಕ್ಕೂ ಸ ನೇ. ಬ್ರಿಟಿಷ್ ಸ್ಪೆಲ್ಲಿಂಗಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್, ಅಮೆರಿಕದವರು ಎರಡಕ್ಕೂ ಸಿ ಹಾಕ್ತಾರೆ.
ಅಫೆಕ್ಟ್–ಎಫೆಕ್ಟ್ ವಿಷಯದಲ್ಲಿ ಕಿವಿ ನಂಬ್ಬೇಡಿ, ಸ್ಪೀಡಾಗಿ ಮಾತಾಡಿದ್ರೆ ಮೊದಲನೇ ಸ್ವರ ಸವೆದು ಎರಡೂ ಒಂದೇ ಥರ ಕೇಳುತ್ತೆ. ಪದದ ಹಿಂದೆ ದಿ ಅಥವಾ ಆ್ಯನ್ ಹಾಕಿ ನೋಡಿ, ಕೂತ್ರೆ ಎಫೆಕ್ಟ್, ಅಂದ್ರೆ ಪರಿಣಾಮ. ಕೂರಲಿಲ್ಲ ಅಂದ್ರೆ ಬಹುತೇಕ ಅಫೆಕ್ಟ್. ಬಹುತೇಕ ಅಂದಿದ್ದು ಯಾಕಂದ್ರೆ ಬದಲಾವಣೆ ಜಾರಿಗೆ ತರೋದು ಅನ್ನೋ ಅರ್ಥದಲ್ಲಿ ಎಫೆಕ್ಟ್ ಕ್ರಿಯಾಪದವಾಗೂ ಬರುತ್ತೆ, ಆದ್ರೆ ಅದು ಅಪರೂಪ.

ಪ್ರಶ್ನೆ ಕೇಳಿದವರು:
ಆ ದಿ ಹಾಕೋದು ಚೆನ್ನಾಗಿದೆ. ಸ್ಟೇಷನರಿಗೆ ಏನ್ಮಾಡೋದು, ಅಲ್ಲಿ ಧ್ವನಿ ಪೂರ್ತಿ ಒಂದೇ ಅಲ್ವಾ?

ಉತ್ತರ 1:
ಹೌದು, ಅಲ್ಲಿ ಕಿವಿ ಕೆಲಸಕ್ಕೆ ಬರಲ್ಲ. ಬೇಕರ್ ಇಂದ ಬೇಕರಿ ಬಂದಂಗೆ ಸ್ಟೇಷನರ್ ಇಂದ ಸ್ಟೇಷನರಿ, ಪೆನ್ನು ಪೇಪರ್ ಅನ್ನೋ ಅರ್ಥದ್ದು, ಆ ಇ ಅಕ್ಷರ ಹಂಗೇ ಉಳಿಯುತ್ತೆ. ನಿಂತಲ್ಲೇ ನಿಂತಿರೋದು ಅನ್ನೋದಕ್ಕೆ ಎ. ಮೂಲ ಎರಡಕ್ಕೂ ಒಂದೇ, ಊರೂರು ಸುತ್ತದೆ ಒಂದೇ ಕಡೆ ಅಂಗಡಿ ಇಟ್ಕೊಂಡಿದ್ದ ಪುಸ್ತಕದ ವ್ಯಾಪಾರಿಗೆ ಹಿಂದೆ ಸ್ಟೇಷನರ್ ಅಂತಿದ್ರು.