ಓಟೋರೈನೋಲ್ಯಾರಿಂಗಾಲಜಿ: ನಾಲಿಗೆ ತೊಡರದಂತೆ ಹೇಳೋದು ಹೇಗೆ?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಈಗ ನರ್ಸಿಂಗ್ ಸೇರಿದ್ದೇನೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಈ ಪದ ಹೇಳಿ, ಬಿಡಿಸಬೇಕಂತೆ. ಗೊತ್ತಿದ್ದವರು ತಿಳಿಸಿ.

ವಾರ್ಡ್ ಸಿಸ್ಟರ್: ಬಾಲದಿಂದ ಶುರು ಮಾಡಮ್ಮ. "ಗಾಲಜಿ". ಅದು ಸಲೀಸಾದ ಮೇಲೆ "ರಿಂಗಾಲಜಿ", "ಲ್ಯಾರಿಂಗಾಲಜಿ", ಆಮೇಲೆ "ರೈನೋ", ಕೊನೆಗೆ "ಓಟೋ". ಒತ್ತು ಬೀಳೋದು "ಗಾ" ಮೇಲೆ. ತಲೆಯಿಂದ ಹೊರಟರೆ ಉಸಿರು ಅಲ್ಲಿಗೆ ಬರೋ ಹೊತ್ತಿಗೆ ಮುಗಿದಿರುತ್ತೆ. ಲ-ರ ಅದಲುಬದಲಾಗಿ "ರ್‍ಯಾಲಿಂಗ್" ಅಂತ ಬರುತ್ತೆ.

ಗ್ರೀಕ್ ಮೂಲ: ಇದು ಗಿಳಿಪಾಠ, ಸಿಸ್ಟರ್. ಮೊದಲು ಬೇರು ಕಲಿಯಲಿ. ಓಟ್ ಕಿವಿ, ರೈನ್ ಮೂಗು, ಲ್ಯಾರಿಂಗ್ ಧ್ವನಿಪೆಟ್ಟಿಗೆ, ಲಾಜಿ ಶಾಸ್ತ್ರ. ನಡುವಿನ "ಓ" ಬರೀ ಬೆಸುಗೆ. ಮುಂದೆ ಸ್ವರ ಬಂದರೆ ಅದು ಬಿದ್ದುಹೋಗುತ್ತೆ: ಓಟೈಟಿಸ್ (ಕಿವಿಯ ಉರಿಯೂತ), ರೈನೈಟಿಸ್ (ಮೂಗಿನ ಉರಿಯೂತ). ಲ್ಯಾರಿಂಕ್ಸ್‌ನ "ಕ್ಸ್" ಎಲ್ಲಿ ಹೋಯಿತು ಅಂತ ಕೇಳಿದರೆ? ಗ್ರೀಕ್‌ನಲ್ಲಿ ಷಷ್ಠಿ ರೂಪ ಲ್ಯಾರಿಂಗೋಸ್. ವೈದ್ಯಕೀಯ ಪದ ಹುಟ್ಟೋದು ಆ ರೂಪದಿಂದ.

ವಾರ್ಡ್ ಸಿಸ್ಟರ್: ಷಷ್ಠಿ ವಿಭಕ್ತಿ ಹೇಳಿಕೊಟ್ಟರೆ ನಾಲಿಗೆ ತಿರುಗುತ್ತಾ ಸರ್? ಬೇರು ಬಾಯಿಪಾಠ ಬಂದವರೇ "ಲ್ಯಾರಿಂಜಾಲಜಿ" ಅಂತಾರೆ. ಇಂಗ್ಲಿಷಿನ "ಜಿ" ಅಕ್ಷರದ ಮುಂದೆ "ಓ" ಇದ್ದರೆ ಗ, "ಐ" ಅಥವಾ "ಇ" ಇದ್ದರೆ ಜ. ಲ್ಯಾರಿಂಜೈಟಿಸ್, ಲ್ಯಾರಿಂಜೆಕ್ಟಮಿ, ಆದರೆ ಲರಿಂಗೋಸ್ಕೋಪ್. ಮೊದಲು ಇದನ್ನು ಹೇಳಿ.

ರೆಕಾರ್ಡ್ಸ್ ವಿಭಾಗ: ಉಚ್ಚಾರಣೆ ಇರಲಿ, ಸ್ಪೆಲ್ಲಿಂಗ್ ನೋಡಿ. "ರೈನೋ"ದಲ್ಲಿ ಆರ್ ಒಂದೇ, ಪಕ್ಕದಲ್ಲಿ ಮೂಕ ಎಚ್. ಕಿವಿ ಸೋರುವ ಓಟೋರಿಯಾಕ್ಕೆ ಆರ್ ಎರಡು, ಡಯೇರಿಯಾಕ್ಕೆ ಇರುವ ಹಾಗೆ. ಎರಡನ್ನೂ ಕಲಸಿ ಬರೆದ ಚೀಟಿ ಸಾಕಾಗುವಷ್ಟು ಬರುತ್ತವೆ.

ಗ್ರೀಕ್ ಮೂಲ: ಬೋರ್ಡುಗಳಲ್ಲಿ "ಕಿವಿ, ಮೂಗು, ಗಂಟಲು" ಅಂತ ಬರೀತಾರಲ್ಲ, ಅದೂ ಪದಕ್ಕೆ ಪದ ಸರಿಯಲ್ಲ. ಗಂಟಲು ಅಂದರೆ ಮುಖ್ಯವಾಗಿ ಫ್ಯಾರಿಂಕ್ಸ್, ಮೂಗು-ಬಾಯಿಯ ಹಿಂದಿನ ನಾಳ.

ರೆಕಾರ್ಡ್ಸ್ ವಿಭಾಗ: ಹಳ್ಳಿಯಿಂದ ಬಂದ ಅಜ್ಜಿಗೆ "ಧ್ವನಿಪೆಟ್ಟಿಗೆ ವಿಭಾಗ" ಅಂದರೆ ಯಾವ ಬಾಗಿಲಿಗೆ ಹೋಗಬೇಕು ಸ್ವಾಮಿ? ಬೋರ್ಡು ಇರೋದು ರೋಗಿಗೆ.

ವಾರ್ಡ್ ಸಿಸ್ಟರ್: ಬೋರ್ಡಿನ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ತಂಗಿ, ಬಿಡಿಸೋಕೆ ಹೇಳಿದವರು ಮುಂದೆ ಕೇಳೋದು ಬಾಲಗಳನ್ನೇ. ಎಕ್ಟಮಿ ಅಂದರೆ ಕತ್ತರಿಸಿ ತೆಗೆಯೋದು, ಆಟಮಿ ಅಂದರೆ ಕೊಯ್ಯೋದು, ಆಸ್ಟಮಿ ಅಂದರೆ ಕೊಯ್ದು ಬಾಯಿ ಮಾಡಿಡೋದು. ಟ್ರೇಕಿಯಾಸ್ಟಮಿ (ಶ್ವಾಸನಾಳಕ್ಕೆ ಬಾಯಿ ಮಾಡಿಡೋದು) ಆದ ರೋಗಿಗೆ ಕುತ್ತಿಗೆಯಲ್ಲಿ ಟ್ಯೂಬ್ ಇರುತ್ತೆ, ಕಫ ಹೀರಿ ತೆಗೆಯೋ ಸಕ್ಷನ್ ಮಾಡಬೇಕು. ಆ "ಸ್" ನುಂಗಬೇಡ.