ಅಪ್‌ಡೇಟ್: 80 ದಾಟಿದರೆ ನಡುಗುತ್ತಿದ್ದ ಸ್ಟೇರಿಂಗ್ ಸರಿಯಾಯ್ತು

ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು) ಮಾಡಿಸಿ ಎರಡೇ ದಿನಕ್ಕೆ ಕಾರಿನ ಸ್ಟೇರಿಂಗ್ ಮತ್ತೆ ನಡುಗುತ್ತಿದೆ, ಅದೂ ವೇಗ 80 ಕಿ.ಮೀ. ದಾಟಿದ ಮೇಲೆ ಅಂತ ಹೋದ ವಾರ ಕೇಳಿದ್ದೆ. ಬ್ರೇಕ್ ಒತ್ತಿದಾಗ ಜಾಸ್ತಿ ಆಗುತ್ತಾ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಆಗುತ್ತಿರಲಿಲ್ಲ, ಅಂದರೆ ತೊಂದರೆ ಬ್ರೇಕ್ ಡಿಸ್ಕ್‌ನದ್ದಲ್ಲ. ಹಾಗಾಗಿ ಸುಮ್ನೆ ಡಿಸ್ಕ್ ಬದಲಾಯಿಸುವ ಖರ್ಚು ಉಳಿಯಿತು.

ಬೇರೆ ಅಂಗಡಿಯಲ್ಲಿ ಮುಂದಿನ ಎಡ ಚಕ್ರ ಬಿಚ್ಚಿದರು. ರಿಮ್‌ನ ಒಳಗಡೆ ಅಂಗೈ ಅಗಲದಷ್ಟು ಕೆಮ್ಮಣ್ಣು ಒಣಗಿ ಕಲ್ಲಿನಂತೆ ಕೂತಿತ್ತು! ಮಳೆಯಲ್ಲಿ ತೋಟದ ದಾರಿಗೆ ಇಳಿಸಿದ್ದೆ, ಆಗ ಮೆತ್ತಿಕೊಂಡಿದ್ದು. ಮೊದಲಿನವರು ಮಣ್ಣಿನ ಸಮೇತ ಬ್ಯಾಲೆನ್ಸ್ ಮಾಡಿ, ಅದಕ್ಕೆ ತಕ್ಕಂತೆ ರಿಮ್‌ಗೆ ಸಣ್ಣ ತೂಕದ ತುಂಡು ಅಂಟಿಸಿದ್ದರು. ಆಮೇಲೆ ಒಂದು ಹೆಂಟೆ ಉದುರಿದೆ, ಲೆಕ್ಕ ತಪ್ಪಿದೆ. ಉದುರಿದ ಜಾಗ ಅಲ್ಲೇ ಬೆಳ್ಳಗೆ ಕಾಣುತ್ತಿತ್ತು.

ಮಣ್ಣು ಕೆರೆದು ತೊಳೆದರು. ಹಳೇ ತೂಕ ಕಿತ್ತು ಮತ್ತೆ ಬ್ಯಾಲೆನ್ಸ್ ಮಾಡಿದರು, ಮಷಿನ್ ಚಕ್ರದ ಒಳಗೆ-ಹೊರಗೆ ಎರಡೂ ಕಡೆ ಸೊನ್ನೆ ತೋರಿಸುವವರೆಗೆ ಬಿಡಲಿಲ್ಲ. ನಿನ್ನೆ ಹೈವೇಯಲ್ಲಿ 90ರಲ್ಲಿ ಓಡಿಸಿದೆ. ಸ್ಟೇರಿಂಗ್ ಸ್ವಲ್ಪವೂ ಅಲುಗಲಿಲ್ಲ.